ಮೈಕಲ್ ಜಾಕ್ಸನ್ ವಿಡಿಯೊ ಕ್ವಿಜ್: ನೋಡಿದವರೇ ಗೆಲ್ಲುವಂತೆ ನಡೆಸುವುದು ಹೇಗೆ?

ವಿಡಿಯೊಗಳನ್ನು ನೂರು ಸಲ ನೋಡಿದ ಹುಡುಗಿ ಸೋಲುತ್ತಾಳೆ. ಬಸ್ಸಿನಲ್ಲಿ ಬರುವಾಗ ಮೊಬೈಲ್‌ನಲ್ಲಿ ಒಂದು ಪುಟ ಓದಿಕೊಂಡು ಬಂದ ಹುಡುಗ ಗೆಲ್ಲುತ್ತಾನೆ. ಅಭಿಮಾನಿಗಳಿಗೆಂದೇ ಇಟ್ಟ ಕ್ವಿಜ್‌ಗಳಲ್ಲಿ ಇದನ್ನು ಉಡುಪಿಯಲ್ಲೂ ಕಂಡಿದ್ದೇನೆ, ಮಂಗಳೂರಿನಲ್ಲೂ ಕಂಡಿದ್ದೇನೆ. ಹುಟ್ಟಿದ ದಿನ ಯಾವುದು, ಯಾವ ಆಲ್ಬಂ ಎಷ್ಟು ಮಾರಾಟವಾಯಿತು, ಎಷ್ಟು ಗ್ರ್ಯಾಮಿ ಬಂತು ಎಂದು ಕೇಳುತ್ತಾ ಹೋದರೆ ಆಗುವುದು ಸಾಮಾನ್ಯ ಜ್ಞಾನದ ಪರೀಕ್ಷೆ. ವಿಡಿಯೊ ನೋಡಿದ ಕಣ್ಣಿಗೆ ಅಲ್ಲಿ ಬೆಲೆಯೇ ಇರುವುದಿಲ್ಲ.

ಕ್ವಿಜ್ ನಡೆಸಲು ಹೊರಟವರು ಇದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಿರುವುದರಿಂದ ಇಡೀ ಕ್ರಮವನ್ನು ಮೊದಲಿನಿಂದ ಬರೆದಿದ್ದೇನೆ. ಉದಾಹರಣೆಗಳೆಲ್ಲ ಮೈಕಲ್ ಜಾಕ್ಸನ್ ಅವರ ವಿಡಿಯೊಗಳವು. ನಿಮ್ಮ ಅಚ್ಚುಮೆಚ್ಚಿನ ತಾರೆ ಬೇರೆಯಾದರೂ ಹಂತಗಳು ಇವೇ. ಕ್ರಮ ಮಾತ್ರ ತಪ್ಪಿಸಬೇಡಿ. ಪ್ರಶ್ನೆ ಬರೆದು ಆಮೇಲೆ ವಿಡಿಯೊ ನೋಡುವವರೇ ಹೆಚ್ಚು, ಎಡವಟ್ಟು ಅಲ್ಲಿಂದಲೇ ಶುರುವಾಗುತ್ತದೆ.

## ಬೇಕಾಗುವ ಸಾಮಾನು

ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವವು ಇವು: ಲ್ಯಾಪ್‌ಟಾಪಿನಿಂದ ಮಿಕ್ಸರ್‌ವರೆಗೆ ಮುಟ್ಟುವ ಉದ್ದದ ಆಡಿಯೊ ಕೇಬಲ್, ಯುಪಿಎಸ್, ಕಿಟಕಿಗೆ ಕಟ್ಟಲು ದಪ್ಪ ಬಟ್ಟೆ, ಎಲ್ಲ ತುಣುಕುಗಳ ನಕಲಿರುವ ಪೆನ್‌ಡ್ರೈವ್, ಮತ್ತು ತಂಡಕ್ಕೊಂದರಂತೆ ಶಾಲಾ ಮಕ್ಕಳ ಸ್ಲೇಟು, ಬಳಪ, ಒರೆಸುವ ಬಟ್ಟೆ. ಬಜರ್‌ಗೆ ದುಡ್ಡು ಹಾಕಬೇಡಿ. ರಥಬೀದಿಯ ಯಾವ ಪುಸ್ತಕದ ಅಂಗಡಿಯಲ್ಲಾದರೂ ಸಿಗುವ ಸ್ಲೇಟು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಣ ಆರನೇ ಹಂತದಲ್ಲಿದೆ.

ಇಷ್ಟರ ಮೇಲೆ ಒಂದು ದಪ್ಪ ನೋಟ್‌ಬುಕ್, ಮತ್ತು ಮೂರು ವಾರ ಸಮಯ. ಒಂದೇ ವಾರ ಕೈಯಲ್ಲಿದ್ದರೆ ಪ್ರಶ್ನೆಗಳ ಸಂಖ್ಯೆಯನ್ನು ಅರ್ಧ ಮಾಡಿ, ಹಂತಗಳನ್ನು ಬಿಡಬೇಡಿ.

## 1. ವಿಡಿಯೊಗಳ ಪಟ್ಟಿ ಮಾಡಿ, ಆವೃತ್ತಿ ಗೊತ್ತುಮಾಡಿ

ಹದಿನೈದರಿಂದ ಇಪ್ಪತ್ತು ವಿಡಿಯೊ ಸಾಕು. ಪಟ್ಟಿಯನ್ನು ಸ್ಪರ್ಧಿಗಳಿಗೆ ಎರಡು ವಾರ ಮೊದಲೇ ಕೊಟ್ಟುಬಿಡಿ. ಪಟ್ಟಿ ಕೊಟ್ಟರೆ ಕ್ವಿಜ್ ಸುಲಭವಾಗಿಬಿಡುತ್ತದೆ ಎಂದು ಹಲವರು ಹೆದರುತ್ತಾರೆ. ಪಟ್ಟಿ ಸಿಕ್ಕಿದವರು ಕುಳಿತು ವಿಡಿಯೊ ನೋಡುತ್ತಾರೆ, ನಮಗೆ ಬೇಕಾದದ್ದೂ ಅದೇ ಅಲ್ಲವೇ?

ಹೆಸರಿನ ಎದುರು ಯಾವ ಆವೃತ್ತಿ ಎಂದು ಬರೆಯುವುದು ಹೆಸರಿನಷ್ಟೇ ಮುಖ್ಯ. ‘ಬ್ಯಾಡ್’ ವಿಡಿಯೊದ ಪೂರ್ಣ ರೂಪ ಸುಮಾರು 18 ನಿಮಿಷ ಇದೆ. ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶಿಸಿದ ಆ ರೂಪದ ಕಥಾಭಾಗ ಕಪ್ಪು ಬಿಳುಪಿನಲ್ಲಿದೆ, ನೃತ್ಯ ಶುರುವಾಗುವಾಗ ಬಣ್ಣ ಬರುತ್ತದೆ. ಟಿವಿಯಲ್ಲಿ ಹೆಚ್ಚಾಗಿ ಬರುತ್ತಿದ್ದುದು ನೃತ್ಯದ ಭಾಗ ಮಾತ್ರ. ಚಿಕ್ಕದನ್ನು ನೋಡಿದವನಿಗೆ ಕಪ್ಪು ಬಿಳುಪಿನ ಪ್ರಶ್ನೆ ಕೇಳಿದರೆ ಅದು ಅನ್ಯಾಯ. ‘ಬ್ಲ್ಯಾಕ್ ಆರ್ ವೈಟ್’ ಕೂಡ ಹಾಗೆಯೇ. 1991ರ ನವೆಂಬರ್‌ನಲ್ಲಿ ಮೊದಲು ಪ್ರಸಾರವಾದಾಗ ಕೊನೆಯಲ್ಲಿ ಕರಿಚಿರತೆಯ ಭಾಗವೊಂದಿತ್ತು. ಆಕ್ಷೇಪಣೆ ಬಂದ ಮೇಲೆ ಅದನ್ನು ಪ್ರಸಾರದಿಂದ ತೆಗೆದರು. ಹಾಗಾಗಿ ‘ಈ ವಿಡಿಯೊ ಹೇಗೆ ಮುಗಿಯುತ್ತದೆ?’ ಎಂಬ ಪ್ರಶ್ನೆಗೆ ಎರಡು ಸರಿ ಉತ್ತರಗಳಿವೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಉಡುಪಿಯ ಒಂದು ಸಭಾಂಗಣದಲ್ಲಿ ‘ದೇ ಡೋಂಟ್ ಕೇರ್ ಅಬೌಟ್ ಅಸ್’ ವಿಡಿಯೊದ ಚಿತ್ರೀಕರಣ ನಡೆದ ದೇಶ ಯಾವುದು ಎಂದು ಕೇಳಿದ್ದೆ. ನನ್ನ ಹಾಳೆಯಲ್ಲಿ ಬ್ರೆಜಿಲ್ ಎಂದಿತ್ತು. ಒಂದು ತಂಡ ‘ದೇಶ ತೋರಿಸುವುದಿಲ್ಲ, ಜೈಲಿನ ಒಳಗೆ’ ಎಂದು ಬರೆದಿತ್ತು. ತಪ್ಪು ಎಂದೆ. ಆ ತಂಡದ ಹುಡುಗಿ ಎದ್ದು ನಿಂತು ಮೆಲ್ಲಗೆ ಹೇಳಿದಳು: ‘ಸರ್, ಅದಕ್ಕೆ ಎರಡು ವಿಡಿಯೊ ಉಂಟು.’ ಅವಳ ಮಾತು ಸರಿಯಿತ್ತು. 1996ರ ಆ ಹಾಡಿಗೆ ಸ್ಪೈಕ್ ಲೀ ಎರಡು ವಿಡಿಯೊ ಮಾಡಿದ್ದಾರೆ, ಒಂದು ಬ್ರೆಜಿಲ್‌ನಲ್ಲಿ, ಇನ್ನೊಂದು ಜೈಲಿನ ದೃಶ್ಯಗಳದ್ದು. ಅಂಕ ಕೊಟ್ಟೆ. ಆದರೆ ಆಮೇಲಿನ ಪ್ರತಿ ಪ್ರಶ್ನೆಗೂ ಸಭೆ ನನ್ನನ್ನು ಅನುಮಾನದಿಂದಲೇ ನೋಡಿತು.

ಸಾಧ್ಯವಾದರೆ ಅಧಿಕೃತ ಡಿವಿಡಿಯನ್ನೇ ಆಧಾರವಾಗಿಟ್ಟುಕೊಳ್ಳಿ. 2010ರಲ್ಲಿ ಬಂದ ‘ವಿಷನ್’ ಎಂಬ ಮೂರು ಡಿಸ್ಕ್‌ಗಳ ಸಂಗ್ರಹ ಇದಕ್ಕೆ ಅನುಕೂಲ. ಇಲ್ಲವಾದರೆ ಗಾಯಕರ ಅಧಿಕೃತ ಯೂಟ್ಯೂಬ್ ಚಾನೆಲ್. ಯಾರೋ ಕತ್ತರಿಸಿ ಹಾಕಿದ ಪ್ರತಿ ಬೇಡ.

## 2. ಮೂರು ಸಲ ನೋಡಿ, ಕೈಯಲ್ಲಿ ಬರೆದುಕೊಳ್ಳಿ

ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡಿ. ಎರಡನೇ ಸಲ ಧ್ವನಿ ಪೂರ್ತಿ ಇಳಿಸಿ ನೋಡಿ. ಹಾಡು ಕಿವಿಗೆ ಬೀಳದಿದ್ದಾಗ ಕಣ್ಣು ಎಚ್ಚರವಾಗುತ್ತದೆ. ಗೋಡೆಯ ಮೇಲಿನ ಬರಹ, ಹಿಂದೆ ನಿಂತವನ ಟೊಪ್ಪಿ, ಯಾವ ಕೈಯಲ್ಲಿ ಏನಿದೆ ಎನ್ನುವುದೆಲ್ಲ ಆಗ ಕಾಣುತ್ತದೆ. ಮೂರನೇ ಸಲ ಬೇಕಾದಲ್ಲಿ ನಿಲ್ಲಿಸುತ್ತಾ ನೋಡಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಚೌಕಟ್ಟಿನಂತೆ ಮುಂದೆ ಸರಿಯುತ್ತದೆ. ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೂ ಆಗುತ್ತದೆ.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ: ನಿಮಿಷ-ಸೆಕೆಂಡು, ಏನು ಕಂಡಿತು, ಅದರ ಹಿಂದೆ ಮುಂದೆ ಏನಿತ್ತು. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಒಳ್ಳೆಯ ಪ್ರಶ್ನೆ ಹುಟ್ಟುವುದು ಅಲ್ಲೇ. ‘ಬಿಲ್ಲಿ ಜೀನ್’ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗೊಂದು ಸಾಲಿದೆ: ‘ನಾಣ್ಯ ಚಿಮ್ಮಿಸುತ್ತಾರೆ, ನಿರ್ಗತಿಕನ ಲೋಟಕ್ಕೆ ಬೀಳುತ್ತದೆ, ಅವನ ಮೈಮೇಲೆ ಬಿಳಿ ಸೂಟು.’ ತಿಂಗಳಾದ ಮೇಲೆ ‘ಸ್ಮೂತ್ ಕ್ರಿಮಿನಲ್’ ನೋಡುತ್ತಾ ಬರೆದ ಸಾಲು: ‘ನಾಣ್ಯ ಎಸೆಯುತ್ತಾರೆ, ಕೋಣೆಯ ಆಚೆ ಬದಿಯ ಜೂಕ್‌ಬಾಕ್ಸ್‌ಗೆ ಹೋಗಿ ಬೀಳುತ್ತದೆ.’ (ನಾಣ್ಯ ಹಾಕಿದರೆ ಹಾಡು ನುಡಿಸುವ ಯಂತ್ರವೇ ಜೂಕ್‌ಬಾಕ್ಸ್.) ಎರಡು ಪುಟ ಅಕ್ಕಪಕ್ಕ ಬಂದಾಗ ಪ್ರಶ್ನೆ ತಾನಾಗಿಯೇ ಎದ್ದು ನಿಂತಿತು: ‘ಎರಡು ವಿಡಿಯೊಗಳಲ್ಲಿ ಜಾಕ್ಸನ್ ನಾಣ್ಯ ಎಸೆಯುತ್ತಾರೆ. ಯಾವುವು? ನಾಣ್ಯ ಎಲ್ಲೆಲ್ಲಿ ಬೀಳುತ್ತದೆ?’ ಯಾವ ಪುಟ ಓದಿಯೂ ಇದಕ್ಕೆ ಉತ್ತರಿಸುವುದು ಕಷ್ಟ. ನೋಡಿದವನಿಗೆ ನಾಲ್ಕು ಸೆಕೆಂಡು ಸಾಕು.

ಎಚ್ಚರಿಕೆ: ಒಂದು ವಿಡಿಯೊದಿಂದ ನಿಮಗೆ ಐದು ಟಿಪ್ಪಣಿಯೂ ಬರದಿದ್ದರೆ ನೀವು ಹಾಡು ಕೇಳಿದ್ದೀರಿ, ವಿಡಿಯೊ ನೋಡಿಲ್ಲ. ಮತ್ತೆ ನೋಡಿ.

## 3. ಪ್ರಶ್ನೆ ಕಟ್ಟಿ

ಪ್ರತಿ ಪ್ರಶ್ನೆಯನ್ನೂ ಎರಡು ಜರಡಿಯಲ್ಲಿ ಹಾಯಿಸಿ. ಹಾಡನ್ನು ಕೇಳಿ ಮಾತ್ರ ಗೊತ್ತಿರುವವನು ಇದಕ್ಕೆ ಉತ್ತರಿಸಬಲ್ಲನೇ? ಗಾಯಕರ ಬಗ್ಗೆ ಓದಿ ಮಾತ್ರ ಗೊತ್ತಿರುವವನು ಉತ್ತರಿಸಬಲ್ಲನೇ? ಎರಡಕ್ಕೂ ಇಲ್ಲ ಎಂದಾದರೆ ಪ್ರಶ್ನೆ ಉಳಿಯಲಿ. ನಿರ್ದೇಶಕರ ಹೆಸರು, ವರ್ಷ, ಸಹನಟರು ಇಂಥವು ಎರಡನೇ ಜರಡಿಯಲ್ಲಿ ಬಿದ್ದುಹೋಗುತ್ತವೆ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಇಂಥವು ಬೇಡ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬಲವಾದವು ಅನುಕ್ರಮದ ಪ್ರಶ್ನೆಗಳು. ‘ಥ್ರಿಲ್ಲರ್’ ತೆಗೆದುಕೊಳ್ಳಿ. ಆಲ್ಬಂನಲ್ಲಿ ಚರಣ ಮುಗಿದ ಕೂಡಲೇ ಪಲ್ಲವಿ ಬರುತ್ತದೆ. ವಿಡಿಯೊದಲ್ಲಿ ಹಾಗಿಲ್ಲ. ಸಿನಿಮಾ ಮಂದಿರದಿಂದ ಹೊರಬಂದು ನಡೆಯುತ್ತಾ ಚರಣಗಳನ್ನೆಲ್ಲ ಒಂದರ ಹಿಂದೆ ಒಂದು ಹಾಡುತ್ತಾರೆ. ಆಮೇಲೆ ನಟ ವಿನ್ಸೆಂಟ್ ಪ್ರೈಸ್ ಅವರ ದನಿ, ಸಮಾಧಿಯಿಂದ ಎದ್ದವರ ನೃತ್ಯ, ಆ ನೃತ್ಯದ ನಡುವೆ ಪಲ್ಲವಿ. ಈಗ ಕೇಳಿ: ‘ಥ್ರಿಲ್ಲರ್ ವಿಡಿಯೊದಲ್ಲಿ ಪಲ್ಲವಿ ಮೊದಲು ಕೇಳಿಸುವಾಗ ಜಾಕ್ಸನ್ ಅವರ ಮುಖ ಪ್ರೇತದ್ದೋ, ಮನುಷ್ಯನದ್ದೋ?’ ಉತ್ತರ ಮನುಷ್ಯನದ್ದು. ಕುಣಿಯುವಾಗ ಪ್ರೇತವಾಗಿದ್ದ ಮುಖ ಪಲ್ಲವಿಗೆ ಸರಿಯಾಗಿ ಮೊದಲಿನಂತಾಗುತ್ತದೆ. ಹಾಡನ್ನು ಬಾಯಿಪಾಠ ಮಾಡಿದವರೂ ಇಲ್ಲಿ ತಡವರಿಸುತ್ತಾರೆ. ದೃಶ್ಯ ಕಣ್ಣಿನಲ್ಲಿ ಉಳಿದವರು ತಕ್ಷಣ ಬರೆಯುತ್ತಾರೆ.

ಅನುಕ್ರಮದ ನಂತರ ‘ಎಲ್ಲಿ, ಯಾವಾಗ’ ಬಗೆ. ‘ಲೈಬೀರಿಯನ್ ಗರ್ಲ್’ ವಿಡಿಯೊದ ತುಂಬ ಹೆಸರಾಂತ ಮುಖಗಳು ಬಂದುಹೋಗುತ್ತವೆ. ಜಾಕ್ಸನ್ ಕಾಣುವುದು ಯಾವಾಗ, ಎಲ್ಲಿ? ಕೊನೆಯಲ್ಲಿ, ಕ್ಯಾಮೆರಾದ ಹಿಂದೆ. ‘ಬ್ಲ್ಯಾಕ್ ಆರ್ ವೈಟ್’ನಲ್ಲಿ ಭಾರತೀಯ ಶಾಸ್ತ್ರೀಯ ನೃತ್ಯದ ಕಲಾವಿದೆಯೊಂದಿಗೆ ಅವರು ಕುಣಿಯುವ ಜಾಗ ಯಾವುದು? ವಾಹನಗಳು ಓಡಾಡುತ್ತಿರುವ ರಸ್ತೆಯ ನಡುವೆ. ನಮ್ಮೂರುಗಳಲ್ಲಿ ಭರತನಾಟ್ಯ ಕಲಿತ ಮಕ್ಕಳು ಎಷ್ಟೊಂದು ಇದ್ದಾರೆ! ಈ ಪ್ರಶ್ನೆಗೆ ಸಭೆಯಲ್ಲಿ ಯಾವಾಗಲೂ ಕೈ ಮೇಲೇಳುತ್ತದೆ, ಅದಕ್ಕಾಗಿಯೇ ನಾನು ಇದನ್ನು ಮೊದಲ ಸುತ್ತಿನಲ್ಲಿ ಇಡುತ್ತೇನೆ.

ಪ್ರಶ್ನೆಯನ್ನು ಕನ್ನಡದಲ್ಲಿ ಓದಿ, ಹಾಡಿನ ಹೆಸರನ್ನು ಪರದೆಯ ಮೇಲೆ ಎರಡೂ ಲಿಪಿಯಲ್ಲಿ ತೋರಿಸಿ. ಉತ್ತರ ಯಾವ ಭಾಷೆಯಲ್ಲಿದ್ದರೂ ಒಪ್ಪಿಕೊಳ್ಳಿ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳು ಅವಸರದಲ್ಲಿ ಅದರಲ್ಲೇ ಬರೆಯುತ್ತಾರೆ. ಅದು ಗೊತ್ತಿರುವ ಒಬ್ಬರು ತೀರ್ಪುಗಾರರ ಮೇಜಿನಲ್ಲಿ ಇರಲಿ.

## 4. ಉತ್ತರವನ್ನು ಮತ್ತೆ ವಿಡಿಯೊದಲ್ಲೇ ನೋಡಿ

ಎಲ್ಲರೂ ಹಾರಿಸುವ ಹಂತ ಇದು. ನೆನಪು ಮೋಸ ಮಾಡುತ್ತದೆ, ಅದರಲ್ಲೂ ಹೆಚ್ಚು ಇಷ್ಟಪಟ್ಟವರ ನೆನಪು. ಪದೇ ಪದೇ ಕಂಡ ತಪ್ಪುಗಳನ್ನು ಹೇಳುತ್ತೇನೆ.

‘ಮೂನ್‌ವಾಕ್ ಮೊದಲು ಕಂಡದ್ದು ಬಿಲ್ಲಿ ಜೀನ್ ವಿಡಿಯೊದಲ್ಲಿ’ ಎಂದು ಉತ್ತರ ಬರೆದ ಹಾಳೆಗಳನ್ನು ಎಷ್ಟೋ ನೋಡಿದ್ದೇನೆ. ಮುಂದೆ ನಡೆಯುವಂತೆ ಕಾಣುತ್ತಾ ಹಿಂದಕ್ಕೆ ಜಾರುವ ಆ ನಡೆ ಈ ವಿಡಿಯೊದಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ಕಾಲಿಟ್ಟಲ್ಲಿ ಬೆಳಗುವ ಕಲ್ಲುಹಾಸು. ಜಾಕ್ಸನ್ ಮೂನ್‌ವಾಕ್ ಮಾಡಿದ್ದು ಅದೇ ಹಾಡಿಗೆ, ಆದರೆ ಮೋಟೌನ್ ಎಂಬ ಸಂಗೀತ ಕಂಪನಿಯ 25ನೇ ವರ್ಷದ ವೇದಿಕೆ ಕಾರ್ಯಕ್ರಮದಲ್ಲಿ. ಅದು ಟಿವಿಯಲ್ಲಿ ಪ್ರಸಾರವಾದದ್ದು 1983ರ ಮೇ 16ರಂದು.

‘ಸ್ಮೂತ್ ಕ್ರಿಮಿನಲ್’ನಲ್ಲಿ ಮುಂದಕ್ಕೆ ಬಾಗಿ ನಿಲ್ಲುವ ಭಂಗಿಗೆ ಪೇಟೆಂಟ್ ಪಡೆದ ಶೂ ಬಳಸಿದರು ಎನ್ನುವುದು ಇನ್ನೊಂದು. ವಿಡಿಯೊದಲ್ಲಿ ಅದನ್ನು ಮಾಡಿದ್ದು ತಂತಿಗಳ ಆಸರೆಯಿಂದ. ನೆಲದ ಮೊಳೆಗೆ ಸಿಕ್ಕಿಕೊಳ್ಳುವ ಹಿಮ್ಮಡಿಯ ಶೂ ಬಂದದ್ದು ವೇದಿಕೆ ಪ್ರದರ್ಶನಕ್ಕಾಗಿ, ಅದರ ಪೇಟೆಂಟ್ 1993ರದ್ದು.

‘ಥ್ರಿಲ್ಲರ್ ಯಾವ ವರ್ಷದ್ದು?’ ಎಂದು ಬರಿದೇ ಕೇಳಬೇಡಿ. ಆಲ್ಬಂ 1982ರ ನವೆಂಬರ್‌ನದು, ಜಾನ್ ಲ್ಯಾಂಡಿಸ್ ನಿರ್ದೇಶನದ ವಿಡಿಯೊ 1983ರ ಡಿಸೆಂಬರ್‌ನದು. ‘ಕೆಂಪು ಜಾಕೆಟ್ ತೊಟ್ಟ ವಿಡಿಯೊ ಯಾವುದು?’ ಎಂದರೆ ‘ಬೀಟ್ ಇಟ್’ ಕೂಡ ಸರಿ, ‘ಥ್ರಿಲ್ಲರ್’ ಕೂಡ ಸರಿ. ಜಿಪ್‌ಗಳಿರುವುದು ಮೊದಲನೆಯದರಲ್ಲಿ, ಕಪ್ಪು ಪಟ್ಟೆಯಿರುವುದು ಎರಡನೆಯದರಲ್ಲಿ ಎಂದು ಬಿಡಿಸಿ ಕೇಳಿ. 1995ರ ‘ಸ್ಕ್ರೀಮ್’ ಕಪ್ಪು ಬಿಳುಪಿನದು, ಅಲ್ಲಿ ಬಟ್ಟೆಯ ಬಣ್ಣ ಕೇಳುವ ಹಾಗೆಯೇ ಇಲ್ಲ.

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಉತ್ತರ ಕಾಣುವ ನಿಮಿಷ-ಸೆಕೆಂಡನ್ನು ಬರೆಯಿರಿ. ಆ ಸಂಖ್ಯೆ ಬರೆಯಲು ಆಗದ ಪ್ರಶ್ನೆಯನ್ನು ಕೈಬಿಡಿ, ಎಷ್ಟೇ ಚೆನ್ನಾಗಿದ್ದರೂ.

ನಂತರ ಮೂವರ ಮೇಲೆ ಪ್ರಯೋಗ ಮಾಡಿ: ಒಬ್ಬ ಗಟ್ಟಿ ಅಭಿಮಾನಿ, ಒಬ್ಬ ಸಾಧಾರಣ ಕೇಳುಗ, ವಿಡಿಯೊ ನೋಡಿಯೇ ಇರದ ಒಬ್ಬರು. ಮೂರನೆಯವರು ಇಪ್ಪತ್ತರಲ್ಲಿ ಐದು ಸರಿ ಹೇಳಿದರೆ ಪ್ರಶ್ನೆಗಳು ವಿಡಿಯೊದಿಂದ ಜಾರಿವೆ ಎಂದು ತಿಳಿಯಿರಿ. ಮೊದಲನೆಯವರಿಗೆ ಹತ್ತೂ ಬರದಿದ್ದರೆ ನೀವು ಅಭಿಮಾನಿಗಳನ್ನು ಪರೀಕ್ಷಿಸುತ್ತಿಲ್ಲ, ಹಿಂಸಿಸುತ್ತಿದ್ದೀರಿ.

## 5. ತುಣುಕು ಕತ್ತರಿಸಿ

ಒಂದು ತುಣುಕು 8ರಿಂದ 12 ಸೆಕೆಂಡು ಇರಲಿ. ಅದಕ್ಕಿಂತ ಉದ್ದವಾದರೆ ಸಭೆ ಹಾಡಲು ಶುರುಮಾಡುತ್ತದೆ, ಪ್ರಶ್ನೆ ಮುಳುಗಿಹೋಗುತ್ತದೆ. ಶಾಟ್‌ಕಟ್‌ನಂಥ ಉಚಿತ ತಂತ್ರಾಂಶ ಸಾಕು. ‘ಮುಂದೇನು?’ ಬಗೆಯ ಪ್ರಶ್ನೆಗೆ ಎರಡು ಕಡತ ಬೇಕು, ಪ್ರಶ್ನೆಗೊಂದು, ಉತ್ತರಕ್ಕೊಂದು. ಒಂದೇ ಕಡತವನ್ನು ನಡುವೆ ನಿಲ್ಲಿಸುತ್ತೇನೆ ಎಂದುಕೊಂಡವರ ಬೆರಳು ಅರ್ಧ ಸೆಕೆಂಡು ತಡವಾಗುತ್ತದೆ, ಉತ್ತರ ಪರದೆಯ ಮೇಲೆ ಬಂದಿರುತ್ತದೆ.

ಹಳೆಯ ವಿಡಿಯೊಗಳು ಚೌಕಾಕಾರಕ್ಕೆ ಹತ್ತಿರದ ಅಳತೆಯವು. ಪರದೆ ತುಂಬಲೆಂದು ಅಗಲಕ್ಕೆ ಎಳೆಯಬೇಡಿ, ಕುಣಿಯುವವರೆಲ್ಲ ಗಿಡ್ಡವಾಗಿ ಕಾಣುತ್ತಾರೆ. ಮೇಲೆ ಕೆಳಗೆ ಕತ್ತರಿಸಲೂ ಬೇಡಿ, ನೀವು ಕೇಳುವ ಕಾಲಿನ ಚಲನೆಯೇ ಹೊರಗೆ ಉಳಿಯಬಹುದು.

ಕಡತದ ಹೆಸರು ‘ಪ್ರ 07’ ಎಂದಷ್ಟೇ ಇರಲಿ. ವಿಎಲ್‌ಸಿ ಶುರುವಾಗುವಾಗ ಹೆಸರನ್ನು ಪರದೆಯ ಮೇಲೆ ತೋರಿಸುತ್ತದೆ. ಹಾಡಿನ ಹೆಸರಿಟ್ಟ ಕಡತದಿಂದ ಒಂದಿಡೀ ಸುತ್ತು ರದ್ದಾದದ್ದನ್ನು ಕಂಡಿದ್ದೇನೆ. ಆ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಬಿಡಿ, ಏಕೆಂದರೆ ಕಡತದ ಒಳಗೆ ಅಡಗಿದ ಶೀರ್ಷಿಕೆಯೂ ಕೆಲವೊಮ್ಮೆ ಹೊರಬರುತ್ತದೆ.

ಟಿಕೆಟ್ ಇಟ್ಟು ಸಾರ್ವಜನಿಕವಾಗಿ ನಡೆಸುವುದಾದರೆ ಹಾಡು, ವಿಡಿಯೊ ತೋರಿಸಲು ಪರವಾನಗಿಯ ಪ್ರಶ್ನೆ ಬರುತ್ತದೆ. ಹಾಡುಗಳ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

## 6. ಸುತ್ತು ಮತ್ತು ಅಂಕ

ಮೊದಲು ಎಲ್ಲರಿಗೂ ಇಪ್ಪತ್ತು ಪ್ರಶ್ನೆಗಳ ಲಿಖಿತ ಸುತ್ತು. ಅದರಿಂದ ಇಬ್ಬರು ಸದಸ್ಯರ ಆರು ತಂಡ ವೇದಿಕೆಗೆ. ವೇದಿಕೆಯಲ್ಲಿ ಪ್ರತಿ ಪ್ರಶ್ನೆಯೂ ಎಲ್ಲ ತಂಡಗಳಿಗೂ: ಸ್ಲೇಟಿನಲ್ಲಿ ಬರೆಯಬೇಕು, ‘ಎತ್ತಿ’ ಎಂದಾಗ ಒಟ್ಟಿಗೆ ಎತ್ತಬೇಕು. ಬಜರ್ ಇಟ್ಟರೆ ಕೈ ಚುರುಕಾದವರು ಗೆಲ್ಲುತ್ತಾರೆ. ಪ್ರಶ್ನೆಯನ್ನು ತಂಡದಿಂದ ತಂಡಕ್ಕೆ ದಾಟಿಸಿದರೆ ಸುಲಭದ ಪ್ರಶ್ನೆ ಯಾರ ಪಾಲಿಗೆ ಬಂತು ಎಂಬುದೇ ಫಲಿತಾಂಶವಾಗುತ್ತದೆ. ಸ್ಲೇಟಿನಲ್ಲಿ ಈ ಎರಡೂ ಜಗಳ ಇಲ್ಲ. ಜತೆಗೆ ಆರು ಸ್ಲೇಟು ಒಟ್ಟಿಗೆ ಮೇಲೇಳುವ ಆ ಕ್ಷಣಕ್ಕೆ ಸಭೆ ಉಸಿರು ಬಿಗಿಹಿಡಿದು ಕಾಯುತ್ತದೆ.

ಧ್ವನಿಯಿಲ್ಲದ ತುಣುಕುಗಳ ಸುತ್ತು ಒಂದಿರಲಿ, ಅನುಕ್ರಮದ್ದು ಒಂದಿರಲಿ, ನಾಣ್ಯದ ಪ್ರಶ್ನೆಯಂತೆ ಎರಡು ವಿಡಿಯೊ ಜೋಡಿಸುವ ಸುತ್ತು ಕೊನೆಗಿರಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯಬೇಡಿ. ಸಮಬಲವಾದರೆ ಕೇಳಲು ಐದು ಪ್ರಶ್ನೆ ಬೇರೆ ಲಕೋಟೆಯಲ್ಲಿ ಇಟ್ಟಿರಿ. ಆ ಹೊತ್ತಿನಲ್ಲಿ ನೆನಪಿನಿಂದ ಕೇಳಿದ ಪ್ರಶ್ನೆಯೇ ಯಾವಾಗಲೂ ವಿವಾದಕ್ಕೆ ಸಿಕ್ಕಿಕೊಳ್ಳುವುದು.

## 7. ಹಿಂದಿನ ದಿನ ಸಭಾಂಗಣದಲ್ಲಿ ತಾಲೀಮು

ಎಚ್‌ಡಿಎಂಐ ಕೇಬಲ್ ಜೋಡಿಸಿದಾಗ ಲ್ಯಾಪ್‌ಟಾಪಿನ ಧ್ವನಿ ಹೆಚ್ಚಾಗಿ ಪ್ರೊಜೆಕ್ಟರ್ ಕಡೆಗೆ ಹೋಗಿಬಿಡುತ್ತದೆ. ದೊಡ್ಡ ಸ್ಪೀಕರ್ ಮೌನ, ಪ್ರೊಜೆಕ್ಟರ್‌ನ ಹೊಟ್ಟೆಯೊಳಗಿಂದ ಸಣ್ಣ ಕೀಚಲು ದನಿ. ಧ್ವನಿಯ ಸೆಟ್ಟಿಂಗ್‌ಗೆ ಹೋಗಿ ಹೆಡ್‌ಫೋನ್ ಕಿಂಡಿಯನ್ನು ಆಯ್ದುಕೊಳ್ಳಿ, ಅಲ್ಲಿಂದ ಮಿಕ್ಸರ್‌ಗೆ ಕೇಬಲ್ ಕೊಡಿ. ‘ಗುಂಯ್’ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ನೋಡಿ, ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ.

ಕ್ವಿಜ್ ನಡೆಯುವ ಗಂಟೆಗೇ ತಾಲೀಮು ಮಾಡಿ. ಸಂಜೆ ನಾಲ್ಕಕ್ಕೆ ಪಡುವಣ ಕಿಟಕಿಯಿಂದ ಬರುವ ಬಿಸಿಲು ಬೆಳಿಗ್ಗೆ ಹತ್ತಕ್ಕೆ ಗೊತ್ತಾಗುವುದಿಲ್ಲ. ‘ಥ್ರಿಲ್ಲರ್’ ಬಹುಪಾಲು ರಾತ್ರಿಯ ದೃಶ್ಯ, ಒಂದು ಕಿಟಕಿ ತೆರೆದಿದ್ದರೂ ಪರದೆಯ ಮೇಲೆ ಬರೀ ಬೂದು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಸಭಾಂಗಣ ಹಿಡಿಯಲೇಬೇಡಿ. ನಮ್ಮ ಕರಾವಳಿಯ ಮಳೆ ತಗಡಿನ ಮೇಲೆ ಸುರಿಯತೊಡಗಿದರೆ ಎದುರು ಕುಳಿತವನ ಮಾತೂ ಕೇಳುವುದಿಲ್ಲ. ಕರೆಂಟ್ ಹೋಗುವುದಂತೂ ಇದ್ದದ್ದೇ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಎಂದು ಸುಮ್ಮನಾಗಬೇಡಿ, ಯುಪಿಎಸ್ ಬೇಕಾದದ್ದು ಪ್ರೊಜೆಕ್ಟರ್‌ಗೆ.

ಎಲ್ಲ ತುಣುಕುಗಳನ್ನೂ ಒಂದು ಸಲ ಕ್ರಮವಾಗಿ ಓಡಿಸಿ, ಕೊನೆಯ ಸಾಲಿನಲ್ಲಿ ಕುಳಿತು ನೋಡಿ. ಅಲ್ಲಿಂದ ಕಾಣದ ಸಣ್ಣ ವಸ್ತುವಿನ ಮೇಲೆ ನಿಂತ ಪ್ರಶ್ನೆಯನ್ನು ಆಗಲೇ ಬದಲಿಸಿ.

## 8. ಕ್ವಿಜ್‌ನ ದಿನ

ಹೇಳಿದ ಹೊತ್ತಿಗೆ ಶುರುಮಾಡಿ. ಕಾರ್ಕಳ, ಕುಂದಾಪುರದ ಕಡೆಯಿಂದ ಬಂದವರ ಮನಸ್ಸು ಏಳು ಗಂಟೆಯ ಮೇಲೆ ಬಸ್ಸಿನಲ್ಲಿರುತ್ತದೆ. ಇಡೀ ಕಾರ್ಯಕ್ರಮಕ್ಕೆ ಎರಡೂವರೆ ಗಂಟೆ ಸಾಕು. ಲಿಖಿತ ಸುತ್ತಿನ ಮೌಲ್ಯಮಾಪನ ನಡೆಯುವಾಗ ಚಹಾ, ಗೋಳಿಬಜೆ ಕೊಟ್ಟರೆ ಯಾರೂ ಎದ್ದು ಹೋಗುವುದಿಲ್ಲ. ಲಿಖಿತ ಸುತ್ತಿಗೆ ಮೊದಲೇ ಮೊಬೈಲ್‌ಗಳನ್ನು ಒಂದು ಬುಟ್ಟಿಯಲ್ಲಿ ಸಂಗ್ರಹಿಸಿ.

ಸಭೆಯ ಕಡೆ ಕಣ್ಣಿಡಿ. ಸತತ ಮೂರು ಪ್ರಶ್ನೆಗೆ ಆರೂ ಸ್ಲೇಟು ಖಾಲಿಯಾಗಿ ಎದ್ದರೆ ಸುತ್ತಿನ ಉಳಿದ ಪ್ರಶ್ನೆಗಳನ್ನು ಸುಲಭದಿಂದ ಕಷ್ಟಕ್ಕೆ ಮರುಜೋಡಿಸಿ. ಯಾರೂ ತಪ್ಪು ಬರೆಯುತ್ತಿಲ್ಲವಾದರೆ ಜೋಡಿಸುವ ಸುತ್ತಿಗೆ ಬೇಗ ಹೋಗಿ. ಪ್ರೇಕ್ಷಕರು ಉತ್ತರ ಪಿಸುಗುಟ್ಟುತ್ತಿದ್ದರೆ ಗದರಬೇಡಿ, ಮುಂದಿನ ಒಂದು ಪ್ರಶ್ನೆಯನ್ನು ಅವರಿಗೇ ಕೊಡಿ.

ಆಕ್ಷೇಪ ಬಂದರೆ ವಾದ ಮಾಡಬೇಡಿ. ನಾಲ್ಕನೇ ಹಂತದಲ್ಲಿ ಬರೆದ ನಿಮಿಷ-ಸೆಕೆಂಡು ತೆಗೆದು, ಮೂಲ ವಿಡಿಯೊವನ್ನೇ ಅಲ್ಲಿಗೆ ಒಯ್ದು ಪರದೆಯ ಮೇಲೆ ತೋರಿಸಿ. ನಿಮ್ಮದು ತಪ್ಪಾಗಿದ್ದರೆ ಮೈಕಿನಲ್ಲೇ ಒಪ್ಪಿಕೊಂಡು ಅಂಕ ಕೊಡಿ. ಹೀಗೆ ಒಮ್ಮೆ ಮಾಡಿದರೆ ಮುಂದಿನ ತೀರ್ಪುಗಳನ್ನು ಯಾರೂ ಪ್ರಶ್ನಿಸುವುದಿಲ್ಲ.

ಬಹುಮಾನ ವಿತರಣೆಯಾದ ಕೂಡಲೇ ಪ್ರೊಜೆಕ್ಟರ್ ಆರಿಸಬೇಡಿ. ಯಾರೂ ಉತ್ತರಿಸದ ಪ್ರಶ್ನೆಗಳ ಮೂಲ ದೃಶ್ಯಗಳನ್ನು ಒಂದೊಂದಾಗಿ ಹಾಕಿ. ಕಳೆದ ಸಲ ನಾಣ್ಯ ಜೂಕ್‌ಬಾಕ್ಸ್‌ಗೆ ಬೀಳುವ ದೃಶ್ಯ ಬಂದಾಗ, ಸೋತ ತಂಡದ ಇಬ್ಬರು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ‘ಇನ್ನೊಮ್ಮೆ ಹಾಕಿ ಸರ್’ ಎಂದರು. ಹಾಕಿದೆ.